ರಿಟರ್ನ್ ಹಾಕಿದವರೆಲ್ಲ ತೆರಿಗೆದಾರರಲ್ಲ

ಆದಾಯ ತೆರಿಗೆ ಕಟ್ಟುವವರು ಅಟಲ್ ಪಿಂಚಣಿ ಯೋಜನೆಗೆ ಹೊಸದಾಗಿ ಸೇರುವಂತಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2022ರ ಆಗಸ್ಟ್ 10ರಂದು ಹೊರಡಿಸಿದ ಅಧಿಸೂಚನೆ ಈ ನಿಯಮವನ್ನು ತಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಅಧಿಸೂಚನೆ ಚಿಕ್ಕದು, ಆದರೆ ಅದರೊಳಗಿನ ಮಾತು ತೂಕದ್ದು. ಈಗ ತೆರಿಗೆ ಕಟ್ಟುತ್ತಿರುವವರು ಮಾತ್ರವಲ್ಲ, ಹಿಂದೆ ಎಂದಾದರೂ ಕಟ್ಟಿದವರೂ ಸೇರಲು ಅರ್ಹರಲ್ಲ ಎಂದು ಅದು ಹೇಳುತ್ತದೆ. ತೆರಿಗೆ ಪಾವತಿದಾರ ಎಂದರೆ ಯಾರು ಎಂಬುದಕ್ಕೂ ಅಲ್ಲೇ ವಿವರಣೆ ಇದೆ: ಆದಾಯ ತೆರಿಗೆ ಕಾಯ್ದೆಯ ಪ್ರಕಾರ ತೆರಿಗೆ ಕಟ್ಟುವ ಹೊಣೆ ಇರುವ ವ್ಯಕ್ತಿ. ಆ ವಿವರಣೆಯಲ್ಲಿ ರಿಟರ್ನ್ ಸಲ್ಲಿಸುವುದರ ಪ್ರಸ್ತಾಪವೇ ಇಲ್ಲ. ಅಷ್ಟಾದರೂ ರಿಟರ್ನ್ ಹಾಕಿದ್ದೇನೆ, ಆದ್ದರಿಂದ ನನಗೆ ಪಿಂಚಣಿ ಯೋಜನೆ ಇಲ್ಲ ಎಂದು ತಾವಾಗಿಯೇ ಹಿಂದೆ ಸರಿಯುವುದು ಸುಲಭ. ಹಾಗೆ ಸರಿದವರು ಕಳೆದುಕೊಳ್ಳುವುದು ಅರವತ್ತರ ನಂತರದ ತಿಂಗಳ ದುಡ್ಡು. ಆದ್ದರಿಂದ ಈ ಎರಡರ ವ್ಯತ್ಯಾಸವನ್ನು ಬಿಡಿಸಿ ನೋಡುವುದು ಅಗತ್ಯ.

ವಿಷಯವನ್ನು ಅರಿಯಲು ಬೆಂಗಳೂರಿನ ಉತ್ತರ ಅಂಚಿನ ಸೋಲದೇವನಹಳ್ಳಿ ಒಳ್ಳೆಯ ಜಾಗ. ಒಂದು ಕಾಲಕ್ಕೆ ಹೆಸರಘಟ್ಟ ಕೆರೆಯ ನೀರನ್ನು ನಗರಕ್ಕೆ ಪಂಪ್ ಮಾಡುತ್ತಿದ್ದ ಊರು ಇದು. ಈಗ ಇಲ್ಲಿ ಕಾಲೇಜುಗಳಿವೆ, ಹಾಸ್ಟೆಲ್ಲು, ಪಿಜಿಗಳಿವೆ; ತುಮಕೂರಿನ ಕಡೆಗೆ ಹೋಗುವ ರೈಲಿನ ನಿಲ್ದಾಣವಿದೆ; ಪೀಣ್ಯದ ಕಾರ್ಖಾನೆಗಳು ದೂರವಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ ಎಲ್ಲ ಬಗೆಯ ಸಂಪಾದನೆಯವರು ಸಿಗುತ್ತಾರೆ. ಒಂದೇ ಮನೆಯಲ್ಲೂ ಸಿಗಬಹುದು. ಯಜಮಾನರದು ಒಂದು ಗೂಡ್ಸ್ ಗಾಡಿ, ಮನೆಯಾಕೆಗೆ ಸಂಬಳದ ಕೆಲಸವಿಲ್ಲ, ಸೊಸೆಗೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ದೊಡ್ಡ ಮಗನಿಗೆ ಸಾಫ್ಟ್‌ವೇರ್ ಕಂಪನಿಯ ಸಂಬಳ, ಚಿಕ್ಕವನು ಅಮೆರಿಕದಲ್ಲಿ. ಇಂಥ ಮನೆಯೊಂದನ್ನು ಊಹಿಸಿಕೊಂಡರೆ ಐವರಿಗೂ ತೆರಿಗೆಯ ಸ್ಥಾನ ಬೇರೆ, ಮುಪ್ಪಿನ ಉಳಿತಾಯಕ್ಕೆ ತೆರೆದ ಬಾಗಿಲೂ ಬೇರೆ.

ಅಟಲ್ ಪಿಂಚಣಿ ಯೋಜನೆ 2015ರ ಮೇ 9ರಂದು ಘೋಷಣೆಯಾಗಿ ಜೂನ್ 1ರಿಂದ ನಡೆಯತೊಡಗಿತು. 18ರಿಂದ 40 ವರ್ಷದೊಳಗಿನವರು ಸೇರಬಹುದು. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ, ಸೇರುವಾಗ ಆರಿಸಿಕೊಂಡ ಮೊತ್ತದ ಪಿಂಚಣಿ ಸಿಗುತ್ತದೆ. ಕನಿಷ್ಠ ಇಷ್ಟು ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಸರ್ಕಾರದ್ದು. 5,000 ರೂಪಾಯಿ ಪಿಂಚಣಿ ಬೇಕೆಂದರೆ 18ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಬೇಕು, 30ರಲ್ಲಿ ಸೇರಿದವರು 577, 40ರಲ್ಲಿ ಸೇರಿದವರು 1,454. ಉಳಿತಾಯ ಖಾತೆಯಿಂದ ಕಂತು ತಾನಾಗಿಯೇ ಕಡಿತವಾಗುತ್ತದೆ. 30ರಲ್ಲಿ ಸೇರಿದವರು ಮೂವತ್ತು ವರ್ಷ ಕಟ್ಟುವ ಒಟ್ಟು ಹಣ 2,07,720 ರೂಪಾಯಿ. ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅಷ್ಟೇ ಪಿಂಚಣಿ ಮುಂದುವರಿಯುತ್ತದೆ. ಇಬ್ಬರೂ ಹೋದ ಮೇಲೆ ನಾಮಿನಿಗೆ ಸುಮಾರು 8.5 ಲಕ್ಷ ರೂಪಾಯಿ ಬರುತ್ತದೆ. ಬೆಲೆಯೇರಿಕೆಯ ಮುಂದೆ 5,000 ದೊಡ್ಡ ಮೊತ್ತವಲ್ಲ, ನಿಜ. ಆದರೆ ಪಿಎಫ್ ಇಲ್ಲದ, ಗ್ರಾಚ್ಯುಯಿಟಿ ಎಂದರೇನೆಂದು ಕೇಳಿಯೂ ಇಲ್ಲದ ಮನೆಗಳಿಗೆ ಇಷ್ಟು ಕಡಿಮೆ ಕಂತಿಗೆ ಸರ್ಕಾರದ ಖಾತರಿಯಿರುವ ಪಿಂಚಣಿ ಬೇರೆ ಕಡೆ ಸಿಗುವುದು ಕಷ್ಟ.

ತೆರಿಗೆಯ ಪ್ರಶ್ನೆ ಈ ಯೋಜನೆಯೊಳಗೆ ಮೊದಲ ದಿನದಿಂದಲೂ ಇತ್ತು, ಬೇರೆ ರೂಪದಲ್ಲಿ. ಆರಂಭದಲ್ಲಿ ಸೇರಿದವರಿಗೆ ಐದು ವರ್ಷಗಳ ಮಟ್ಟಿಗೆ ಸರ್ಕಾರವೂ ತನ್ನ ಪಾಲು ಹಾಕುತ್ತಿತ್ತು: ಸದಸ್ಯರು ಕಟ್ಟಿದ್ದರ ಅರ್ಧ, ಇಲ್ಲವೇ ವರ್ಷಕ್ಕೆ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ತೆರಿಗೆ ಕಟ್ಟುವವರಿಗೂ ಪಿಎಫ್‌ನಂಥ ಶಾಸನಬದ್ಧ ಯೋಜನೆಯಲ್ಲಿದ್ದವರಿಗೂ ಆ ಪಾಲು ಇರಲಿಲ್ಲ. ಆದರೂ ಅವರು ಯೋಜನೆಗೆ ಸೇರಬಹುದಿತ್ತು. ಅಂದರೆ ಆಗ ತೆರಿಗೆಯ ಸ್ಥಾನ ಸಹಾಯಧನವನ್ನು ಮಾತ್ರ ತಡೆಯುತ್ತಿತ್ತು, ಪ್ರವೇಶವನ್ನಲ್ಲ. ಪ್ರವೇಶಕ್ಕೇ ತಡೆ ಬಂದದ್ದು ಏಳು ವರ್ಷಗಳ ನಂತರ. 2022ರ ಅಕ್ಟೋಬರ್ 1ಕ್ಕೆ ಮೊದಲೇ ಸೇರಿದ್ದವರಿಗೆ ಹೊಸ ನಿಯಮ ತಾಗುವುದಿಲ್ಲ. ಅವರು ತೆರಿಗೆ ಕಟ್ಟುತ್ತಿದ್ದರೂ ಖಾತೆ ನಡೆಯುತ್ತದೆ. ಆ ದಿನದ ನಂತರ ಸೇರಿದವರು ಅರ್ಜಿ ಹಾಕಿದ ದಿನಕ್ಕೆ ಅಥವಾ ಅದಕ್ಕೆ ಮುಂಚೆ ತೆರಿಗೆದಾರರಾಗಿದ್ದರು ಎಂದು ಗೊತ್ತಾದರೆ ಮಾತ್ರ ಖಾತೆ ಮುಚ್ಚಿ, ಅಲ್ಲಿಯವರೆಗೆ ಸೇರಿದ ಹಣವನ್ನು ಹಿಂದಿರುಗಿಸಲಾಗುತ್ತದೆ. ಸೇರುವಾಗ ತೆರಿಗೆದಾರರಲ್ಲದೆ ಆಮೇಲೆ ಸಂಪಾದನೆ ಹೆಚ್ಚಿ ತೆರಿಗೆ ಕಟ್ಟತೊಡಗಿದರೆ ಖಾತೆ ಮುಚ್ಚಬೇಕೆಂದು ಅಧಿಸೂಚನೆ ಹೇಳುವುದಿಲ್ಲ. ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಗಮನಿಸಬೇಕಾದ ಅಂಶ ಇದು. ಮೊದಲ ದೊಡ್ಡ ಸಂಬಳ ಕೈಸೇರುವುದಕ್ಕೆ ಮುಂಚೆ, ಓದುತ್ತಿರುವಾಗಲೋ ಸಣ್ಣ ಕೆಲಸದಲ್ಲಿರುವಾಗಲೋ ಸೇರಿದರೆ ಖಾತೆ ಕೊನೆಯವರೆಗೂ ಉಳಿಯುತ್ತದೆ.

ಈಗ ಗೂಡ್ಸ್ ಗಾಡಿಯ ಯಜಮಾನರ ವಿಷಯ. ಅವರು ವರ್ಷವೂ ಆಡಿಟರ್ ಹತ್ತಿರ ಹೋಗಿ ರಿಟರ್ನ್ ಹಾಕಿಸುತ್ತಾರೆ. ಕಾರಣ ತೆರಿಗೆಯಲ್ಲ, ಸಾಲ. ಗಾಡಿಗೆ, ಮನೆಗೆ, ಮಕ್ಕಳ ಓದಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳುವುದೇ ಎರಡು ಮೂರು ವರ್ಷದ ಐಟಿ ರಿಟರ್ನ್. ಲೆಕ್ಕದ ಪುಸ್ತಕ ಇಡದ ಸಣ್ಣ ಗಾಡಿಯವರಿಗೆ ಕಾನೂನಿನಲ್ಲಿ ಅಂದಾಜು ಲೆಕ್ಕದ ಸೌಲಭ್ಯವಿದೆ. ಭಾರೀ ವಾಹನವಲ್ಲದ ಸರಕು ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. ನಿಜವಾಗಿ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಹೆಚ್ಚಿನದನ್ನು ತೋರಿಸಬೇಕು. ವರ್ಷಕ್ಕೆ 3,20,000 ತೋರಿಸಿದರು ಎನ್ನೋಣ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ರಿಟರ್ನ್ ಹಾಕಿದ್ದಾರೆ, ತೆರಿಗೆ ಸೊನ್ನೆ. ಇವರ ತೆರಿಗೆ ಯಾವ ವರ್ಷವೂ ಸೊನ್ನೆಗಿಂತ ಮೇಲೆ ಹೋಗಿಲ್ಲವಾದರೆ ಇವರು ಅಧಿಸೂಚನೆ ಹೇಳುವ ತೆರಿಗೆ ಪಾವತಿದಾರರಲ್ಲ. ಇಂಥ ಗಾಡಿಯವರಲ್ಲಿ ವಯಸ್ಸು 40 ದಾಟಿರದವರು ಸೇರಬಹುದು.

ಟಿಡಿಎಸ್ ಹಿಡಿದಿದ್ದಾರೆ, ಆದ್ದರಿಂದ ತೆರಿಗೆ ಕಟ್ಟಿದ ಹಾಗೆ ಎಂಬುದೂ ತಪ್ಪು ತಿಳಿವಳಿಕೆ. ಹಾಸ್ಟೆಲ್ ಕಟ್ಟಡಕ್ಕೆ ಬಣ್ಣ ಹೊಡೆಯುವ ಗುತ್ತಿಗೆ ಹಿಡಿದ ಮೇಸ್ತ್ರಿಗೆ 1,20,000 ರೂಪಾಯಿ ಬಿಲ್ಲಿನಲ್ಲಿ ನೂರಕ್ಕೆ 1ರಂತೆ 1,200 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆ 1,200 ರೂಪಾಯಿ ಅವರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ಇಡೀ ವರ್ಷದ ಆದಾಯ ಮಿತಿಯೊಳಗಿದ್ದರೆ ರಿಟರ್ನ್ ಹಾಕಿ ಅಷ್ಟನ್ನೂ ವಾಪಸು ಪಡೆಯಬಹುದು. ಟಿಡಿಎಸ್ ಎಂಬುದು ಮುಂಗಡವಾಗಿ ಹಿಡಿದಿಟ್ಟ ಹಣ. ಹೊಣೆ ಎಷ್ಟೆಂದು ತೀರ್ಮಾನವಾಗುವುದು ವರ್ಷದ ಲೆಕ್ಕ ಮುಗಿದ ಮೇಲೆ. ರೀಫಂಡ್ ಬಂದಿದೆ ಎಂದರೆ ಹಿಡಿದದ್ದು ಹೊಣೆಗಿಂತ ಹೆಚ್ಚಾಗಿತ್ತು ಎಂದರ್ಥ. ಪೂರ್ತಿ ವಾಪಸು ಬಂದಿದ್ದರೆ ಹೊಣೆ ಸೊನ್ನೆ.

ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಕಡ್ಡಾಯವಾಗುವ ಸಂದರ್ಭಗಳೂ ಇವೆ. ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಕರೆಂಟ್ ಬಿಲ್ ಕಟ್ಟಿದವರು, ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರು, 60 ಲಕ್ಷಕ್ಕೂ ಮೀರಿ ವಹಿವಾಟು ನಡೆಸಿದ ವ್ಯಾಪಾರಿಗಳು ರಿಟರ್ನ್ ಸಲ್ಲಿಸಲೇಬೇಕು. ಸಣ್ಣ ಲಾಭದ, ದೊಡ್ಡ ವಹಿವಾಟಿನ ದಿನಸಿ ಅಂಗಡಿಯವರು ಈ ಗುಂಪಿಗೆ ಸುಲಭವಾಗಿ ಬೀಳುತ್ತಾರೆ. ಅವರ ವಿಷಯದಲ್ಲೂ ನೋಡಬೇಕಾದದ್ದು ರಿಟರ್ನಿನ ಕೊನೆಯ ಸಾಲು, ಅಂದರೆ ಕಟ್ಟಬೇಕಾದ ತೆರಿಗೆ ಎಷ್ಟು ಎಂಬುದು.

ನಿಜವಾದ ತೊಡಕು ಇರುವುದು ಬೇರೆ ಕಡೆ: ರಿಬೇಟಿನಲ್ಲಿ ಮತ್ತು ಹಿಂದೆ ಕಟ್ಟಿದವರೂ ಅರ್ಹರಲ್ಲ ಎಂಬ ಮಾತಿನಲ್ಲಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಕಟ್ಟಬೇಕಾದ ತೆರಿಗೆ ಸೊನ್ನೆ ಎನ್ನುತ್ತಾರಲ್ಲ, ಅದು 4 ಲಕ್ಷದ ಮಿತಿಯಂಥ ಪೂರ್ಣ ವಿನಾಯಿತಿಯಲ್ಲ. ತೆರಿಗೆಯ ಲೆಕ್ಕ ಹಾಕಿ, ಬಂದ ಮೊತ್ತವನ್ನು ರಿಬೇಟ್ ಎಂದು ಬಿಟ್ಟುಬಿಡುತ್ತಾರೆ. ಹೀಗೆ ಸೊನ್ನೆಯಾದವರನ್ನು ಎಲ್ಲಿ ಸೇರಿಸಬೇಕೆಂದು 2022ರ ಅಧಿಸೂಚನೆ ಪ್ರತ್ಯೇಕವಾಗಿ ಹೇಳಿಲ್ಲ. ಇಂಥವರು ರಿಟರ್ನ್ ಪರಿಶೀಲಿಸಿ ಇಲಾಖೆ ಕಳುಹಿಸುವ ತಿಳಿವಳಿಕೆ ಪತ್ರವನ್ನು ಇಟ್ಟುಕೊಂಡು, ಬ್ಯಾಂಕಿನಲ್ಲಿ ಬರಹದಲ್ಲೇ ಉತ್ತರ ಕೇಳಿ ಪಡೆಯುವುದು ಕ್ಷೇಮ. ಅರ್ಜಿಯಲ್ಲಿ ಕೊಡುವ ಘೋಷಣೆಗೆ ಸಹಿ ಹಾಕುವವರು ಅವರೇ ತಾನೆ.

ಹಿಂದೆ ಕಟ್ಟಿದವರ ವಿಷಯ ಇನ್ನೂ ಕಠಿಣ. ವರ್ಷಕ್ಕೆ 9 ಲಕ್ಷ ಸಂಬಳದವರಿಗೆ 2023-24ರಲ್ಲಿ ಹೊಸ ಪದ್ಧತಿಯ ರಿಬೇಟ್ ಸಿಗುತ್ತಿರಲಿಲ್ಲ, ಆಗ ಅದರ ಮಿತಿ 7 ಲಕ್ಷ. ಅವರು ತೆರಿಗೆ ಕಟ್ಟಿದರು. ಇಂದು ಅಷ್ಟೇ ಸಂಬಳಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಆದರೂ ಆ ಹಳೆಯ ಒಂದು ವರ್ಷ ಅವರನ್ನು ಹೊರಗಿಡುತ್ತದೆ. ಎರಡು ವರ್ಷ ಕಂಪನಿಯಲ್ಲಿ ದುಡಿದು, ಮಗುವಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿರುವ ಹೆಣ್ಣುಮಗಳ ಸ್ಥಿತಿಯೂ ಇದೇ. ಓವರ್‌ಟೈಮ್ ಸೇರಿ ಒಂದೇ ಒಂದು ವರ್ಷ ತೆರಿಗೆಯ ಗೆರೆ ದಾಟಿ, ಮರುವರ್ಷ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಪೀಣ್ಯದ ಕಾರ್ಮಿಕನದೂ ಅದೇ. ಬಡವರಿಗೆ ಮೀಸಲಾಗಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಒಮ್ಮೆ ತೆರಿಗೆ ಕಟ್ಟಿದವರು ಎಂದೆಂದಿಗೂ ಅನುಕೂಲಸ್ಥರಾಗಿಯೇ ಇರುತ್ತಾರೆ ಎಂದು ಹಿಡಿಯುವುದು ದುಡಿಯುವವರ ಬದುಕಿಗೆ ಹೊಂದುವುದಿಲ್ಲ. ಕಳೆದ ಮೂರೋ ಐದೋ ವರ್ಷಗಳ ಲೆಕ್ಕವನ್ನಷ್ಟೇ ನೋಡುವ ನಿಯಮವಿದ್ದರೆ ನ್ಯಾಯವಾಗುತ್ತಿತ್ತು.

ಇನ್ನು ಮನೆಯಾಕೆಯ ಪ್ರಶ್ನೆ. ಭಾರತದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಪದ್ಧತಿಯಿಲ್ಲ. ಪ್ರತಿಯೊಬ್ಬರೂ ತೆರಿಗೆಯ ಕಣ್ಣಿನಲ್ಲಿ ಬೇರೆ ಬೇರೆ ವ್ಯಕ್ತಿ. ಅಟಲ್ ಪಿಂಚಣಿಯ ನಿಯಮ ನೋಡುವುದೂ ಅರ್ಜಿ ಹಾಕಿದವರ ಸ್ಥಾನವನ್ನೇ ಹೊರತು ಅವರ ಮನೆಯವರದ್ದಲ್ಲ. ಗಂಡ ಲಕ್ಷಗಟ್ಟಲೆ ತೆರಿಗೆ ಕಟ್ಟುತ್ತಿದ್ದರೂ, ಸ್ವಂತ ಸಂಪಾದನೆಯಿಲ್ಲದ, ಹಿಂದೆಯೂ ತೆರಿಗೆ ಕಟ್ಟಿರದ ಹೆಂಡತಿ ತನ್ನ ಹೆಸರಿನಲ್ಲಿ ಖಾತೆ ತೆರೆಯಬಹುದು. ಕಂತಿನ ಹಣ ಗಂಡನೇ ಕೊಟ್ಟರೂ ಅಡ್ಡಿಯಿಲ್ಲ. ಗೃಹಲಕ್ಷ್ಮಿ ಯೋಜನೆಯ ನಿಯಮ ಇದಕ್ಕಿಂತ ಬೇರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ರಾಜ್ಯ ಯೋಜನೆಯಲ್ಲಿ ಮಹಿಳೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಹಣವಿಲ್ಲ. ಅಲ್ಲಿ ಗಂಡನ ಸ್ಥಾನವೂ ಲೆಕ್ಕಕ್ಕೆ ಬರುತ್ತದೆ. ಗೃಹಲಕ್ಷ್ಮಿ ಸಿಗಲಿಲ್ಲ, ಹಾಗಾದರೆ ಪಿಂಚಣಿಯೂ ಸಿಗುವುದಿಲ್ಲ ಎಂದು ಒಂದು ನಿಯಮವನ್ನು ಇನ್ನೊಂದಕ್ಕೆ ಹಚ್ಚುವುದು ಸಹಜ, ಆದರೆ ಸರಿಯಲ್ಲ. ಗಂಡ ತೆರಿಗೆ ಕಟ್ಟುತ್ತಾನೆಂಬ ಕಾರಣಕ್ಕೆ ಗೃಹಲಕ್ಷ್ಮಿ ತಪ್ಪಿದ ಗೃಹಿಣಿಗೂ, ವಯಸ್ಸು ಮೀರಿರದಿದ್ದರೆ, ಅಟಲ್ ಪಿಂಚಣಿಯ ಬಾಗಿಲು ತೆರೆದಿದೆ. ಮುಪ್ಪಿನಲ್ಲಿ ತನ್ನ ಹೆಸರಿಗೇ ಬರುವ ಹಣ ಹೆಂಗಸರಿಗೆ ಕೊಡುವ ಧೈರ್ಯ ದೊಡ್ಡದು. ಅದನ್ನು ಇಂಥ ಗೊಂದಲದಲ್ಲಿ ಕಳೆದುಕೊಳ್ಳಬಾರದು.

ಅಸಂಘಟಿತ ಕಾರ್ಮಿಕರಿಗೆಂದು 2019ರಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯ ಜರಡಿ ಇನ್ನೂ ಸಣ್ಣ ಕಣ್ಣಿನದು. ವಯಸ್ಸು 18ರಿಂದ 40, ತಿಂಗಳ ಆದಾಯ 15,000 ರೂಪಾಯಿಯೊಳಗೆ, ತೆರಿಗೆದಾರರಾಗಿರಬಾರದು, ಪಿಎಫ್, ಇಎಸ್‌ಐ, ಎನ್‌ಪಿಎಸ್ ಯಾವುದರ ಸದಸ್ಯರೂ ಆಗಿರಬಾರದು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರ ಸರ್ಕಾರ ಅಷ್ಟನ್ನೇ ಸೇರಿಸುತ್ತದೆ, 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಮನೆಗೆಲಸದವರು, ಬೀದಿ ಬದಿಯ ವ್ಯಾಪಾರಿಗಳು, ಗಾರೆ ಕೆಲಸದವರು ಇದರ ವ್ಯಾಪ್ತಿಗೆ ಬರುತ್ತಾರೆ. ಗಾರ್ಮೆಂಟ್ಸ್ ಸೊಸೆ ಬರುವುದಿಲ್ಲ, ಏಕೆಂದರೆ ಆಕೆಗೆ ಪಿಎಫ್ ಇದೆ. ಆದರೆ ಪಿಎಫ್ ಇದೆಯೆಂಬ ಕಾರಣಕ್ಕೆ ಅಟಲ್ ಪಿಂಚಣಿ ಯಾರಿಗೂ ತಪ್ಪುವುದಿಲ್ಲ; ಆಕೆ ಅದಕ್ಕೆ ಸೇರಬಹುದು.

ಪಿಎಫ್‌ಗೆ ಸೇರುವುದಕ್ಕೂ ತೆರಿಗೆಗೂ ಸಂಬಂಧವಿಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ವೇತನ. 2014ರ ಸೆಪ್ಟೆಂಬರ್ 1ರಿಂದ ಕಡ್ಡಾಯ ಸದಸ್ಯತ್ವದ ವೇತನ ಮಿತಿ ತಿಂಗಳಿಗೆ 15,000 ರೂಪಾಯಿ ಎಂದಾಯಿತು. ತೆರಿಗೆ ಒಳಬಂದದ್ದು ಮೇಲ್ತುದಿಯಲ್ಲಿ: 2021-22ರಿಂದ ಉದ್ಯೋಗಿ ತನ್ನ ಪಾಲಾಗಿ ವರ್ಷಕ್ಕೆ 2.5 ಲಕ್ಷ ರೂಪಾಯಿಗಿಂತ ಹೆಚ್ಚು ಹಾಕಿದರೆ ಹೆಚ್ಚುವರಿ ಹಣದ ಬಡ್ಡಿಗೆ ತೆರಿಗೆ ಬೀಳುತ್ತದೆ. ಹೊಲಿಗೆಯವರಿಗೆ ಅದು ದೂರದ ಮಾತು. ಅವರಿಗೆ ಈ ಹಣ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್ ತೋರಿಸಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ರಸ್ತೆಗಿಳಿದರು; ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಸಾಫ್ಟ್‌ವೇರ್ ಮಗನ ವಿಷಯಕ್ಕೆ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಅವನಿಗೆ ಅಟಲ್ ಪಿಂಚಣಿ ಇಲ್ಲ, ಆದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಇದೆ. 2009ರ ಮೇ 1ರಿಂದ ಅದು ಎಲ್ಲ ನಾಗರಿಕರಿಗೂ ತೆರೆದಿದೆ. ತೆರಿಗೆ ಕಟ್ಟುವವರು, ಕಟ್ಟದವರು ಎಂಬ ಭೇದ ಅಲ್ಲಿಲ್ಲ. ಅಲ್ಲಿ ತೆರಿಗೆಯ ಸ್ಥಾನ ಹಣ ಹಾಕುವುದನ್ನು ತಡೆಯುವುದಿಲ್ಲ, ಹಾಕಿದ್ದಕ್ಕೆ ಸಿಗುವ ರಿಯಾಯಿತಿಯನ್ನು ನಿರ್ಧರಿಸುತ್ತದೆ. ಹಳೆ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ 80ಸಿ ಸೇರಿದ 1.5 ಲಕ್ಷದ ಒಟ್ಟು ಮಿತಿಯೊಳಗೆ ಎನ್‌ಪಿಎಸ್ ಹಣಕ್ಕೂ ಕಡಿತವಿದೆ, ಅದರ ಮೇಲೆ ಪ್ರತ್ಯೇಕವಾಗಿ 50,000 ರೂಪಾಯಿಗೂ ಇದೆ. ಹೊಸ ಪದ್ಧತಿಯಲ್ಲಿ ತಾನಾಗಿ ಹಾಕಿದ ಹಣಕ್ಕೆ ಯಾವ ಕಡಿತವೂ ಇಲ್ಲ. ಉದ್ಯೋಗದಾತರ ಮೂಲಕ ಹೋಗುವ ಹಣಕ್ಕೆ ಮಾತ್ರ ಇದೆ, ಅದೂ ಹಳೆಯದಕ್ಕಿಂತ ಹೆಚ್ಚಾಗಿ. ಖಾಸಗಿ ನೌಕರರಿಗೆ ಹಳೆ ಪದ್ಧತಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟಾದರೆ ಹೊಸದರಲ್ಲಿ 14ರಷ್ಟು.

ಇದರ ಪರಿಣಾಮ ಸಣ್ಣದಲ್ಲ. ಒಬ್ಬರ ಒಟ್ಟು ಸಂಬಳ ವರ್ಷಕ್ಕೆ 13,50,000, ಮೂಲ ವೇತನ ತಿಂಗಳಿಗೆ 50,000 ಎಂದುಕೊಳ್ಳೋಣ. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 12,75,000. ಅದಕ್ಕೆ ಸೆಸ್ ಸೇರಿ 74,100 ರೂಪಾಯಿ ತೆರಿಗೆ. ಅದೇ ಸಂಬಳದೊಳಗಿಂದಲೇ ಮೂಲ ವೇತನದ ನೂರಕ್ಕೆ 14, ಅಂದರೆ 84,000 ರೂಪಾಯಿಯನ್ನು ಕಂಪನಿ ತನ್ನ ಪಾಲೆಂದು ಎನ್‌ಪಿಎಸ್‌ಗೆ ಹಾಕುವಂತೆ ಸಂಬಳದ ರಚನೆ ಮಾಡಿಸಿಕೊಂಡರೆ ತೆರಿಗೆಯ ಆದಾಯ 11,91,000ಕ್ಕೆ ಇಳಿಯುತ್ತದೆ. 12 ಲಕ್ಷದೊಳಗಾದ್ದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆ 84,000 ರೂಪಾಯಿಯನ್ನು ಅವರೇ ಬ್ಯಾಂಕಿನಿಂದ ಎನ್‌ಪಿಎಸ್‌ಗೆ ಕಟ್ಟಿದ್ದರೆ 74,100 ರೂಪಾಯಿ ತೆರಿಗೆ ಹಾಗೆಯೇ ಉಳಿಯುತ್ತಿತ್ತು. ಹಣವೂ ಅದೇ, ಖಾತೆಯೂ ಅದೇ. ಬದಲಾದದ್ದು ಯಾರ ಕೈಯಿಂದ ಹೋಯಿತು ಎಂಬುದು ಮಾತ್ರ. ಖಾಸಗಿ ಕಾಲೇಜಿನ ಅಧ್ಯಾಪಕರು, ಆಸ್ಪತ್ರೆಯ ನರ್ಸುಗಳು, ಕಾರ್ಖಾನೆಯ ಎಂಜಿನಿಯರುಗಳು ವರ್ಷದ ಆರಂಭದಲ್ಲೇ ಆಡಳಿತ ಕಚೇರಿಯಲ್ಲಿ ಇದನ್ನು ಕೇಳಬೇಕು. ಮಾರ್ಚ್ ತಿಂಗಳಲ್ಲಿ ಕೇಳಿದರೆ ಆ ವರ್ಷದ ಸಂಬಳ ಆಗಲೇ ಕೈಸೇರಿ ಮುಗಿದಿರುತ್ತದೆ.

ಪದ್ಧತಿಯನ್ನು ಆರಿಸಿಕೊಳ್ಳುವುದಕ್ಕೂ ಗಡುವಿದೆ. 2023-24ರ ಆದಾಯದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕಾದವರು ಕೇಳಿ ಪಡೆಯಬೇಕು. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಕೊನೆಯ ದಿನಾಂಕದೊಳಗೆ ಹಾಕುವ ರಿಟರ್ನಿನಲ್ಲೇ ಅದನ್ನು ಆರಿಸಬೇಕು, ಪ್ರತಿ ವರ್ಷವೂ ಬದಲಿಸಬಹುದು. ತಡವಾಗಿ ಹಾಕಿದರೆ ಹಳೆ ಪದ್ಧತಿಯ ಅವಕಾಶ ಆ ವರ್ಷಕ್ಕೆ ಮುಗಿಯಿತು. ಎನ್‌ಪಿಎಸ್‌ನ 50,000, ಸಾರ್ವಜನಿಕ ಭವಿಷ್ಯ ನಿಧಿಯ, ಅಂದರೆ ಪಿಪಿಎಫ್‌ನ 1.5 ಲಕ್ಷ ಯಾವುದಕ್ಕೂ ಕಡಿತ ಸಿಗದು. ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವರು ಪ್ರತ್ಯೇಕ ಫಾರಂ ಸಲ್ಲಿಸಬೇಕು, ಮತ್ತು ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದರೆ ಆ ವ್ಯಾಪಾರವಿರುವವರೆಗೆ ಮತ್ತೆ ಹಿಂದಕ್ಕೆ ಹೋಗುವಂತಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದು, 80ಸಿಯಂಥ ಪರಿಚಿತ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆಡಿಟರ್ ಹೊಸ ಸಂಖ್ಯೆ ಹೇಳಿದರೆ ಗಾಬರಿಯಾಗಬೇಕಿಲ್ಲ.

ಪಿಪಿಎಫ್‌ನಲ್ಲಿ ತಡೆ ಬೇರೆ ತರಹದ್ದು. ಅಲ್ಲಿ ಕೇಳುವುದು ತೆರಿಗೆ ಕಟ್ಟುತ್ತೀರಾ ಎಂದಲ್ಲ, ಯಾವ ಹೆಸರಿನಲ್ಲಿ, ಎಲ್ಲಿಯ ನಿವಾಸಿಯಾಗಿ ಎಂದು. ಲೇಔಟುಗಳಿಗೆ ಜಮೀನು ಮಾರಿದ ಉತ್ತರ ಬೆಂಗಳೂರಿನ ಕುಟುಂಬಗಳಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಸರಿಗೆ ಬೇರೆ ಪ್ಯಾನ್ ಮಾಡಿಸಿಕೊಂಡವರಿದ್ದಾರೆ. ಅವಿಭಕ್ತ ಕುಟುಂಬ ರಿಟರ್ನ್ ಹಾಕಬಹುದು, ಆದರೆ 2005ರ ಮೇ 13ರಿಂದ ತನ್ನ ಹೆಸರಿನಲ್ಲಿ ಪಿಪಿಎಫ್ ಖಾತೆ ತೆರೆಯುವಂತಿಲ್ಲ. ಎನ್‌ಪಿಎಸ್‌ಗೂ ಸೇರುವಂತಿಲ್ಲ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೂ ಇಲ್ಲ. ಕುಟುಂಬಕ್ಕೆ ಮುಪ್ಪು ಬರುವುದಿಲ್ಲ, ಮುಪ್ಪು ಬರುವುದು ಮನುಷ್ಯರಿಗೆ ಎಂಬುದು ಇದರ ತರ್ಕ. ಸದಸ್ಯರ ಹೆಸರಿನ ಖಾತೆಗೆ ಕುಟುಂಬ ಹಣ ಹಾಕಿ ಹಳೆ ಪದ್ಧತಿಯಲ್ಲಿ ಕಡಿತ ಪಡೆಯಬಹುದು. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ 1.5 ಲಕ್ಷದ ಮಿತಿ. ಚಿಕ್ಕ ಮಕ್ಕಳ ಹೆಸರಿನಲ್ಲಿ ತೆರೆದ ಖಾತೆಗೆ ಪ್ರತ್ಯೇಕ ಮಿತಿಯಿಲ್ಲ, ಪೋಷಕರ ಮಿತಿಯೊಳಗೇ ಅದೂ ಸೇರುತ್ತದೆ. ಹೊರದೇಶದಲ್ಲಿ ನೆಲೆಸಿ ಅನಿವಾಸಿಯಾದವರು ಹೊಸ ಪಿಪಿಎಫ್ ಖಾತೆ ತೆರೆಯುವಂತಿಲ್ಲ, ಎನ್‌ಪಿಎಸ್ ಮಾತ್ರ ಅವರಿಗೂ ಇದೆ. 2019ರಿಂದ ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡು ಇರುವವರಿಗೂ ಇದೆ.

ಅಮೆರಿಕಕ್ಕೆ ಹೋದ ಚಿಕ್ಕ ಮಗನ ಲೆಕ್ಕದಲ್ಲಿ ಗಂಡ ಹೆಂಡತಿ ರಿಟರ್ನ್ ಹೇಗೆ ಹಾಕುತ್ತಾರೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಅಲ್ಲಿ ಮದುವೆಯಾದವರು ಸೇರಿ ಒಂದು ರಿಟರ್ನ್ ಹಾಕಬಹುದು, ಬೇರೆ ಬೇರೆಯಾಗಿಯೂ ಹಾಕಬಹುದು. 1998ರಿಂದ ಬಳಕೆಯಲ್ಲಿರುವ ರಾತ್ ಐಆರ್‌ಎ ಎಂಬ ನಿವೃತ್ತಿ ಖಾತೆಗೆ ತೆರಿಗೆ ಕಟ್ಟಿದ ಹಣವನ್ನು ಹಾಕಿದರೆ, ನಿಯಮದಂತೆ ಮುಪ್ಪಿನಲ್ಲಿ ತೆಗೆಯುವಾಗ ಬೆಳೆದ ಹಣಕ್ಕೂ ತೆರಿಗೆಯಿಲ್ಲ. 2025ರ ವರ್ಷಕ್ಕೆ 50ರೊಳಗಿನವರ ಮಿತಿ 7,000 ಡಾಲರ್ ಇತ್ತು. ಸೇರಿ ಹಾಕುವ ದಂಪತಿಯ ಆದಾಯ ಆ ವರ್ಷ 2,36,000 ಡಾಲರ್ ಮುಟ್ಟುವವರೆಗೆ ಪೂರ್ತಿ ಹಾಕಬಹುದಿತ್ತು, 2,46,000ಕ್ಕೆ ಅವಕಾಶ ಮುಗಿಯುತ್ತಿತ್ತು. ಒಂಟಿಯಾದವರಿಗೆ ಆ ಗೆರೆಗಳು 1,50,000 ಮತ್ತು 1,65,000 ಆಗಿದ್ದವು. ಒಂದೇ ಮನೆಯಲ್ಲಿ ಬಾಳುತ್ತ ಬೇರೆ ಬೇರೆ ರಿಟರ್ನ್ ಹಾಕುವವರಿಗೆ ಮಾತ್ರ ಮಿತಿಯ ಇಳಿಕೆ ಸೊನ್ನೆಯಿಂದಲೇ ಶುರುವಾಗಿ 10,000 ಡಾಲರಿಗೆ ಬಾಗಿಲು ಮುಚ್ಚುತ್ತದೆ. ಸಾಧಾರಣ ಸಂಬಳದ ಎಂಜಿನಿಯರ್ ಕೂಡ ಅಲ್ಲಿ ಹೊರಗೆ ಬೀಳುತ್ತಾನೆ. ಇಡೀ ವರ್ಷ ದಂಪತಿ ಬೇರೆ ಬೇರೆ ಕಡೆ ಬದುಕಿದ್ದರೆ ಒಂಟಿಯವರ ಗೆರೆ ಅನ್ವಯಿಸುತ್ತದೆ.

ಕನ್ನಡ ಕುಟುಂಬಗಳಿಗೆ ಇದು ಕಾಗದದ ಮೇಲಿನ ಸಂಗತಿಯಲ್ಲ. ಗಂಡನ ಕೆಲಸದ ವೀಸಾದ ಜೊತೆಗೆ ಅವಲಂಬಿತ ವೀಸಾದಲ್ಲಿ ಹೋದ, ದುಡಿಯುವ ಅನುಮತಿ ಇಲ್ಲದ ಹೆಂಡತಿಗೆ ಸ್ವಂತ ಸಂಪಾದನೆಯಿಲ್ಲ. ಸಂಪಾದನೆಯಿಲ್ಲದೆ ಈ ಖಾತೆಗೆ ಹಣ ಹಾಕುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಇಬ್ಬರೂ ಸೇರಿ ರಿಟರ್ನ್ ಹಾಕಿದರೆ ಗಂಡನ ಸಂಬಳದ ಆಧಾರದ ಮೇಲೆ ಹೆಂಡತಿಯ ಹೆಸರಿನ ಖಾತೆಗೂ ಆಯಾ ವರ್ಷದ ಮಿತಿಯಷ್ಟು ಹಣ ಹಾಕಬಹುದು. ಬೇರೆ ಬೇರೆ ಹಾಕಿದರೆ ಅದಿಲ್ಲ. ಹೆಂಡತಿ ಇನ್ನೂ ಬೆಂಗಳೂರಿನಲ್ಲೇ ಇದ್ದರೆ ಆಕೆಯನ್ನು ಅಲ್ಲಿನ ತೆರಿಗೆಯ ನಿವಾಸಿ ಎಂದು ಪರಿಗಣಿಸಲು ಇಬ್ಬರೂ ಒಪ್ಪಿ ಸೇರಿ ರಿಟರ್ನ್ ಹಾಕುವ ದಾರಿಯಿದೆ. ಆಗ ಆಕೆಗೆ ತೆರಿಗೆ ಗುರುತಿನ ಸಂಖ್ಯೆ ಮಾಡಿಸಬೇಕು, ಆಕೆಯ ಇಲ್ಲಿನ ಬಾಡಿಗೆ, ಬಡ್ಡಿ ಎಲ್ಲವನ್ನೂ ಅಲ್ಲಿ ತೋರಿಸಬೇಕು. ಅರ್ಹತೆ ಇಲ್ಲದೆ ಹಾಕಿದ ಹಣವನ್ನು ಸಕಾಲದಲ್ಲಿ ತೆಗೆಯದಿದ್ದರೆ ಅದು ಖಾತೆಯಲ್ಲಿರುವಷ್ಟು ವರ್ಷವೂ ನೂರಕ್ಕೆ 6ರಂತೆ ದಂಡದ ತೆರಿಗೆ ಬೀಳುತ್ತದೆ.

ಊರಿಗೆ ಮರಳಿದಾಗ ಅಲ್ಲಿಯ ಖಾತೆ ಇಲ್ಲಿಯ ತೆರಿಗೆಯ ಕಣ್ಣಿಗೆ ಬೀಳುತ್ತದೆ. ಪೂರ್ಣ ನಿವಾಸಿಯಾದ ಮೇಲೆ ವಿದೇಶದ ಆದಾಯಕ್ಕೂ ಭಾರತದಲ್ಲಿ ತೆರಿಗೆಯಿದೆ. ರಾತ್ ಅಲ್ಲದ ನಿವೃತ್ತಿ ಖಾತೆಗಳ ಹಣಕ್ಕೆ ಅಮೆರಿಕ ತೆಗೆಯುವಾಗ ತೆರಿಗೆ ಹಾಕಿದರೆ, ಇಲ್ಲಿ ವರ್ಷ ವರ್ಷವೂ ಬೆಳೆದಂತೆ ಹಾಕುವ ಸಂಭವವಿತ್ತು. ಒಂದೇ ಹಣಕ್ಕೆ ಎರಡು ದೇಶ, ಎರಡು ಬೇರೆ ಕಾಲದಲ್ಲಿ. 2021ರ ಬಜೆಟ್ ಇದಕ್ಕೆ ಪರಿಹಾರ ತಂದಿತು. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಅನಿವಾಸಿಯಾಗಿದ್ದಾಗ ತೆರೆದ ನಿವೃತ್ತಿ ಖಾತೆಗಳ ಮಟ್ಟಿಗೆ, ಆ ದೇಶದಲ್ಲಿ ತೆರಿಗೆ ಬೀಳುವ ವರ್ಷದಲ್ಲೇ ಇಲ್ಲಿಯೂ ಹಾಕಲಿ ಎಂದು ಕೇಳಿಕೊಳ್ಳಬಹುದು. ಅದಕ್ಕೆ ರಿಟರ್ನಿನ ಗಡುವಿನೊಳಗೆ ಪ್ರತ್ಯೇಕ ಫಾರಂ ಸಲ್ಲಿಸಬೇಕು. ಒಮ್ಮೆ ಸಲ್ಲಿಸಿದರೆ ಮುಂದಿನ ಎಲ್ಲ ವರ್ಷಗಳಿಗೂ ಅದೇ ಅನ್ವಯ, ಹಿಂತೆಗೆದುಕೊಳ್ಳುವಂತಿಲ್ಲ. ಮತ್ತೆ ಹೊರದೇಶಕ್ಕೆ ಹೋಗಿ ಅನಿವಾಸಿಯಾದರೆ ಮಾತ್ರ ಆ ಆಯ್ಕೆ ಮಾಡಿಯೇ ಇರಲಿಲ್ಲ ಎಂದು ಪರಿಗಣಿಸಲಾಗುತ್ತದೆ.